ಹಿಮಗಾಳಿ ನಿಂತ ಮರುದಿನವೇ ಹತ್ತಬೇಡಿ: ಚಳಿಗಾಲದ ಹಿಮಾಲಯಕ್ಕೆ ಹೊರಟ ಬೆಂಗಳೂರಿನವರ ಜೊತೆ ಒಂದು ಚರ್ಚೆ

ಬನಶಂಕರಿ_ಚಾರಣ

ಚಳಿಗಾಲದ ಬ್ಯಾಚ್‌ಗಳು ತುಂಬುತ್ತಿವೆ. ಉತ್ತರಾಖಂಡದ ಕೇದಾರಕಂಠ, ಬ್ರಹ್ಮತಾಲ್, ಕುವಾರಿ ಪಾಸ್ ಚಾರಣಗಳು, ಆಮೇಲೆ ಗುಲ್ಮಾರ್ಗ್‌ನಲ್ಲಿ ಸ್ಕೀ ಕಲಿಯಲು ಹೊರಟವರು. ಇಲ್ಲಿ ಬರುವ ಪ್ರಶ್ನೆಗಳೆಲ್ಲ ಶೂ ಯಾವುದು, ಜಾಕೆಟ್ ಬಾಡಿಗೆಗೆ ಎಲ್ಲಿ ಸಿಗುತ್ತದೆ, ನಂದಿ ಬೆಟ್ಟದ ಮೆಟ್ಟಿಲು ಎಷ್ಟು ಸಲ ಹತ್ತಿದರೆ ಫಿಟ್ ಆಗುತ್ತೇವೆ ಅನ್ನುವುದರ ಸುತ್ತಲೇ ಇವೆ. ಅವೂ ಬೇಕು. ಆದರೆ ಹಿಮಕುಸಿತದ ಬಗ್ಗೆ ಒಬ್ಬರೂ ಕೇಳುತ್ತಿಲ್ಲ.

ನನಗೆ ಹೇಳಬೇಕಾಗಿರುವುದು ಒಂದೇ. ಹಿಮಗಾಳಿ ಬೀಸುವಾಗ ಎಲ್ಲರೂ ಟೆಂಟ್ ಒಳಗೆ ಇರುತ್ತಾರೆ. ಗಾಳಿ ನಿಂತು, ಆಕಾಶ ನೀಲಿಯಾಗಿ, ಬಿಸಿಲು ಬಿದ್ದ ಮೊದಲ ದಿನ ಎಲ್ಲರೂ ಖುಷಿಯಿಂದ ಹೊರಡುತ್ತಾರೆ. ಆ ದಿನವೇ ಅಪಾಯ ಜಾಸ್ತಿ. ಹಿಮ ಕುಸಿಯುವುದು ಹೆಚ್ಚಾಗಿ ಜೋರಾಗಿ ಸುರಿಯುವಾಗ ಮತ್ತು ಸುರಿದು ನಿಂತ ಒಂದೆರಡು ದಿನದ ಒಳಗೆ.

ಬೆಟ್ಟದ ಮೇಲಿನ ಹಿಮ ಒಂದೇ ಮುದ್ದೆ ಅಲ್ಲ. ಪ್ರತಿ ಸಲ ಸುರಿದಾಗ ಒಂದೊಂದು ಪದರ ಕೂರುತ್ತದೆ. ಕೆಳಗಿನ ಪದರಕ್ಕೆ ಹೊಸ ಭಾರ ಹೊರಲು ಸಮಯ ಬೇಕು. 24 ಗಂಟೆಯಲ್ಲಿ 30 ಸೆಂಟಿಮೀಟರ್ ಸುರಿದರೆ ಅದು ದೊಡ್ಡ ಭಾರವೇ. ಅದರ ಮೇಲೆ ಗಾಳಿ. ಗಾಳಿ ಬೆಟ್ಟದ ಒಂದು ಮಗ್ಗುಲಿನ ಹಿಮ ಎತ್ತಿಕೊಂಡು ಬಂದು ಇನ್ನೊಂದು ಮಗ್ಗುಲಿಗೆ ಸುರಿಯುತ್ತದೆ, ಆಕಾಶದಿಂದ ಬೀಳುವುದಕ್ಕಿಂತ ಎಷ್ಟೋ ಪಟ್ಟು ಬೇಗ. ಅಂದರೆ ಮೇಲೆ ಒಂದು ಮೋಡ ಇಲ್ಲದಿದ್ದರೂ ನೀವು ದಾಟಬೇಕಾದ ಇಳಿಜಾರಿನ ಮೇಲೆ ಭಾರ ಏರುತ್ತಲೇ ಇರಬಹುದು. ಆಮೇಲೆ ಬಿಸಿಲು ಬಂದು ಮೇಲ್ಪದರ ಮೆತ್ತಗಾಗುತ್ತದೆ. ಅಷ್ಟು ಹೊತ್ತಿಗೆ ನಾವು ಇಪ್ಪತ್ತು ಜನ ಸಾಲಾಗಿ ಅಲ್ಲಿ ಕಾಲಿಡುತ್ತೇವೆ.

ಇದಕ್ಕೂ ಬೆಂಗಳೂರಿಗೂ ಏನು ಸಂಬಂಧ ಅಂದರೆ ನಮ್ಮ ರಜೆ. ಶನಿವಾರ ಡೆಹ್ರಾಡೂನ್ ವಿಮಾನ, ಮುಂದಿನ ಭಾನುವಾರ ರಾತ್ರಿ ವಾಪಸ್, ಸೋಮವಾರ ಆಫೀಸು. ನಡುವೆ ಒಂದು ದಿನವೂ ಖಾಲಿ ಇಲ್ಲ. ಎರಡು ದಿನ ಹಿಮ ಸುರಿದರೆ ಮೂರನೇ ದಿನ ಹತ್ತಲೇಬೇಕು, ಇಲ್ಲದಿದ್ದರೆ ದುಡ್ಡು ಹೋಯಿತು ಅನ್ನುವ ಲೆಕ್ಕ. ಟಿಕೆಟ್ ಬುಕ್ ಮಾಡಿದ ದಿನವೇ ಆ ಅಪಾಯ ನಮ್ಮ ಜೊತೆ ಹೊರಟಿರುತ್ತದೆ. ಹಾಗಾಗಿ ಎಲ್ಲರಿಗೂ ಕೇಳಿಕೊಳ್ಳುವುದು ಇಷ್ಟೇ: ಒಂದು ದಿನ ಹೆಚ್ಚಿಗೆ ರಜೆ ಹಾಕಿ. ಆಗಲ್ಲ ಅಂದರೆ, ಹಿಮ ಸುರಿದರೆ ತುದಿ ಮುಟ್ಟದೆ ವಾಪಸ್ ಬರುತ್ತೇವೆ ಅಂತ ಇಲ್ಲೇ, ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೊರಡಿ.

ಡಿಸೆಂಬರ್_ಬ್ಯಾಚ್

ಅಣ್ಣಾ, ಸ್ವಲ್ಪ ಜಾಸ್ತಿ ಹೆದರಿಸುತ್ತಿದ್ದೀರಿ ಅನ್ನಿಸುತ್ತದೆ. ಕೇದಾರಕಂಠಕ್ಕೆ ಪ್ರತಿ ಚಳಿಗಾಲ ಸಾವಿರಾರು ಜನ ಹೋಗಿ ಬರುತ್ತಾರೆ. ಗೈಡ್‌ಗಳು ಚಾರಣ ಶುರುವಾಗುವ ಸಾಂಕ್ರಿ ಹಳ್ಳಿಯ ಕಡೆಯವರೇ, ಅಲ್ಲೇ ಹುಟ್ಟಿ ಬೆಳೆದವರು. ಅವರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಾಗುತ್ತದಾ? ಮುಂದೆ ಹೋದವರ ಹೆಜ್ಜೆ ಇದ್ದರೆ ದಾರಿ ಗಟ್ಟಿ ಇದೆ ಅಂತಲೇ ಅರ್ಥ ಅಲ್ವಾ?

ಬನಶಂಕರಿ_ಚಾರಣ

ಕೇದಾರಕಂಠದ ಬಗ್ಗೆ ನೀವು ಹೇಳಿದ್ದು ಬಹುಪಾಲು ಸರಿ. ದಾರಿ ಜಾಸ್ತಿ ಹೊತ್ತು ಕಾಡಿನ ಒಳಗೇ ಹೋಗುತ್ತದೆ. ಮಾಮೂಲಿ ದಿನದಲ್ಲಿ, ಮಾಮೂಲಿ ದಾರಿಯಲ್ಲಿ ಅಷ್ಟು ಹೆದರಬೇಕಿಲ್ಲ. ಕಾಡು ಮುಗಿದ ಮೇಲಿನ ಬಯಲು ಏರು ಮತ್ತು ಜೋರು ಹಿಮ ಸುರಿದ ಮರುದಿನ, ಇವೆರಡೂ ಒಟ್ಟಿಗೆ ಬಂದಾಗ ನಿಂತು ಯೋಚಿಸಬೇಕು.

ಆದರೆ ಹೆಜ್ಜೆ ಇದ್ದರೆ ಗಟ್ಟಿ ಅನ್ನುವುದನ್ನು ದಯವಿಟ್ಟು ತಲೆಯಿಂದ ತೆಗೆದುಬಿಡಿ. ಮೊದಲ ಒಂಬತ್ತು ಜನ ದಾಟಿದ ಜಾಗದಲ್ಲಿ ಹತ್ತನೆಯವರ ಕಾಲಿಗೆ ಕುಸಿಯಬಹುದು. ದುರ್ಬಲ ಪದರ ಎಲ್ಲ ಕಡೆ ಒಂದೇ ಆಳದಲ್ಲಿ ಇರುವುದಿಲ್ಲ. ಬಂಡೆಯ ಪಕ್ಕ, ಹಿಮ ತೆಳುವಾಗಿರುವ ಕಡೆ ಅದು ಮೇಲ್ಗಡೆಯೇ ಇರುತ್ತದೆ. ಅಲ್ಲಿ ಒಂದು ಕಾಲು ಬಿದ್ದರೆ ಸಾಕು, ಬಿರುಕು ಅಲ್ಲಿಂದ ಇಡೀ ಇಳಿಜಾರಿಗೆ ಓಡುತ್ತದೆ. ಯುರೋಪ್, ಅಮೆರಿಕದ ದಾಖಲೆ ನೋಡಿದರೆ ಹಿಮಕುಸಿತಕ್ಕೆ ಸಿಕ್ಕಿದ ಹತ್ತರಲ್ಲಿ ಸುಮಾರು ಒಂಬತ್ತು ಜನರ ವಿಷಯದಲ್ಲಿ ಕುಸಿತ ಶುರು ಮಾಡಿದ್ದು ಅವರೇ, ಇಲ್ಲ ಅವರ ಜೊತೆಯವರೇ.

ಇನ್ನು ಅನುಭವ. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ದ್ರೌಪದಿ ಕಾ ಡಾಂಡಾದಲ್ಲಿ ಸಿಕ್ಕಿಕೊಂಡವರು ನೆಹರು ಪರ್ವತಾರೋಹಣ ಸಂಸ್ಥೆಯ ತಂಡದವರು. ಕಲಿಯುವವರ ಜೊತೆ ಕಲಿಸುವವರೂ ಇದ್ದರು. 29 ಮಂದಿಯನ್ನು ಕಳೆದುಕೊಂಡೆವು. ಅವರಲ್ಲಿ ನಮ್ಮ ಕಡೆಯವರೂ ಇದ್ದರು. ಅವರಿಗೆ ತಿಳಿವಳಿಕೆ ಕಮ್ಮಿ ಇತ್ತು ಅಂತ ಯಾರೂ ಹೇಳಲಾರರು. ಸ್ಥಳೀಯ ಗೈಡ್ ಮಾತು ಕೇಳಿ, ಖಂಡಿತ ಕೇಳಿ. ಆದರೆ ಆತ "ಇವತ್ತು ಬೇಡ" ಅಂದರೆ ದುಡ್ಡು ಕೊಟ್ಟಿದ್ದೇವೆ ಅಂತ ಜಗಳಕ್ಕೆ ನಿಲ್ಲುವವರು ನಾವೇ. ಅದೂ ನೆನಪಿರಲಿ.

ಫಿಸಿಕ್ಸ್_ಮೇಷ್ಟ್ರು

ಒಂದು ಮುಖ್ಯ ವಿಷಯ ಸೇರಿಸುತ್ತೇನೆ. ಹಿಮ ಕಡಿಮೆ ಬಿದ್ದ ವರ್ಷ ಸುರಕ್ಷಿತ ಅಂತ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ.

ಹಿಮದ ಅಡಿಯ ನೆಲ ಹೆಚ್ಚುಕಮ್ಮಿ ಸೊನ್ನೆ ಡಿಗ್ರಿಯಲ್ಲಿ ಇರುತ್ತದೆ. ಮೇಲೆ ಗಾಳಿ ಮೈನಸ್ 15 ಅನ್ನಿ. ನಡುವೆ ಎರಡು ಮೀಟರ್ ಹಿಮ ಇದ್ದರೆ ಆ ವ್ಯತ್ಯಾಸ ನಿಧಾನಕ್ಕೆ ಹಂಚಿಹೋಗುತ್ತದೆ. ಬರೀ ಅರ್ಧ ಮೀಟರ್ ಇದ್ದರೆ ಪ್ರತಿ 10 ಸೆಂಟಿಮೀಟರ್‌ಗೆ 3 ಡಿಗ್ರಿ ಬದಲಾಗುತ್ತದೆ. 10 ಸೆಂಟಿಮೀಟರ್‌ಗೆ 1 ಡಿಗ್ರಿ ದಾಟಿದರೆ ಸಾಕು, ಹಿಮದ ಕಣಗಳ ಸ್ವಭಾವವೇ ಬದಲಾಗುತ್ತದೆ. ಕೆಳಗಿನ ಬೆಚ್ಚಗಿನ ಕಡೆಯಿಂದ ನೀರಾವಿ ಮೇಲೆ ಹೋಗಿ ತಣ್ಣಗಿನ ಕಣಗಳಿಗೆ ಅಂಟುತ್ತದೆ. ದುಂಡಗೆ, ಒಂದಕ್ಕೊಂದು ಹಿಡಿದುಕೊಂಡಿದ್ದ ಕಣಗಳು ಮೂಲೆ ಮೂಲೆಯ ದೊಡ್ಡ ಹರಳುಗಳಾಗುತ್ತವೆ. ಒಂದಕ್ಕೊಂದು ಅಂಟುವುದಿಲ್ಲ. ಕೈಯಲ್ಲಿ ಹಿಡಿದು ಹಿಸುಕಿದರೆ ಉಂಡೆ ಕಟ್ಟುವುದಿಲ್ಲ, ಬೆರಳಿನ ಸಂದಿಯಿಂದ ಸುರಿದುಹೋಗುತ್ತದೆ. ಡೆಪ್ತ್ ಹೋರ್ ಅನ್ನುವುದು ಇದಕ್ಕೇ.

ಆಮೇಲೆ ಜನವರಿ ಕೊನೆಗೋ ಫೆಬ್ರವರಿಗೋ ಒಮ್ಮೆಲೇ ಜೋರಾಗಿ ಸುರಿಯುತ್ತದೆ. ಒಂದು ತಟ್ಟೆಯಲ್ಲಿ ರವೆ ಹರಡಿ, ಮೇಲೆ ಒಬ್ಬಟ್ಟು ಇಟ್ಟು, ತಟ್ಟೆ ಓರೆ ಮಾಡಿ ನೋಡಿ. ಒಬ್ಬಟ್ಟು ಚೂರಾಗುವುದಿಲ್ಲ, ಇಡಿಯಾಗಿ ಜಾರುತ್ತದೆ. ಇಡೀ ಹಲಗೆ ಹೀಗೆ ಜಾರುವುದೇ ಸ್ಲ್ಯಾಬ್ ಕುಸಿತ, ಜನರನ್ನು ಜಾಸ್ತಿ ಕೊಲ್ಲುವುದು ಇದೇ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಒಣಗಿ ನಿಂತಿತ್ತು, ಸ್ಕೀ ಮಾಡಲು ಹಿಮವೇ ಇಲ್ಲ ಅಂತ ಎಲ್ಲ ಕಡೆ ಫೋಟೋ ಬಂದಿತ್ತು. ಆಮೇಲೆ ಜೋರಾಗಿ ಸುರಿಯಿತು. ಫೆಬ್ರವರಿ 22ರಂದು ಅಲ್ಲೇ ಹಿಮಕುಸಿತದಲ್ಲಿ ರಷ್ಯಾದ ಒಬ್ಬ ಸ್ಕೀಯರ್ ತೀರಿಕೊಂಡರು. ಹೀಗೆ ಮೊದಲು ಒಣಗಿ ಆಮೇಲೆ ಸುರಿಯುವ ವರ್ಷಗಳಲ್ಲಿ ತಳದ ಪದರ ಕೆಡಲು ಎಲ್ಲ ಅನುಕೂಲವೂ ಇರುತ್ತದೆ.

ಇನ್ನೊಂದು ಮಾತು. ಹಿಮಗಾಳಿಯ ಹೊಸ ಭಾರ ಒಂದೆರಡು ದಿನದಲ್ಲಿ ಕೂತುಕೊಳ್ಳುತ್ತದೆ. ತಳದ ಈ ಹರಳಿನ ಪದರ ಹಾಗಲ್ಲ, ವಾರಗಟ್ಟಲೆ ಹಾಗೇ ಕಾದಿರುತ್ತದೆ.

ವಿಜಯನಗರ_ನಡಿಗೆ

ಮೇಷ್ಟ್ರೇ, ಚೆನ್ನಾಗಿ ಬಿಡಿಸಿ ಹೇಳಿದಿರಿ. ಅಲ್ಲಿ ಹೋದ ಮೇಲೆ ಆ ಪದರ ಇದೆಯೋ ಇಲ್ಲವೋ ಅಂತ ನಮ್ಮಂಥವರಿಗೆ ತಿಳಿಯುವುದು ಹೇಗೆ?

ಫಿಸಿಕ್ಸ್_ಮೇಷ್ಟ್ರು

ಟ್ರೆಕಿಂಗ್ ಪೋಲ್ ಇದ್ದೇ ಇರುತ್ತದೆ. ತಲೆಕೆಳಗು ಮಾಡಿ, ಹಿಡಿಯ ಕಡೆಯಿಂದ ಹಿಮದೊಳಗೆ ನಿಧಾನಕ್ಕೆ ಒತ್ತಿ. ಸಮನಾಗಿ ಗಟ್ಟಿಯಾಗುತ್ತಾ ಹೋದರೆ ಒಂದು ಸಮಾಧಾನ. ಗಟ್ಟಿ ಗಟ್ಟಿ ಅಂತ ಹೋಗಿ ಒಮ್ಮೆಲೇ ಸರ್ರನೆ ಇಳಿದರೆ ಅಲ್ಲೊಂದು ಟೊಳ್ಳು ಪದರ ಇದೆ.

ಕಲಿತವರು ಗುಂಡಿ ತೋಡಿ ನೋಡುತ್ತಾರೆ. 30 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದದ ಹಿಮದ ಕಂಬ ಬಿಡಿಸಿ, ಮೇಲೆ ಸಲಿಕೆಯ ತಲೆ ಇಟ್ಟು ತಟ್ಟುತ್ತಾರೆ. ಮಣಿಕಟ್ಟಿನಿಂದ ಹತ್ತು ಪೆಟ್ಟು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಮಣಿಕಟ್ಟಿನ ಪೆಟ್ಟಿಗೇ ಕಂಬದ ಮೇಲ್ಭಾಗ ನುಣ್ಣಗೆ ಕತ್ತರಿಸಿದ ಹಾಗೆ ಜಾರಿಬಂದರೆ ಆ ಇಳಿಜಾರಿನ ತಂಟೆಗೇ ಹೋಗಬಾರದು. ಆದರೆ ಕಂಬ ಗಟ್ಟಿ ನಿಂತಿತು ಅಂತ ಇಡೀ ಬೆಟ್ಟ ಗಟ್ಟಿ ಅಂತ ಅಲ್ಲ. ಪರೀಕ್ಷೆ ಬೇಡ ಅನ್ನಲು ಕಾರಣ ಕೊಡಬಹುದು, ಹೋಗು ಅನ್ನಲು ಅದೊಂದನ್ನೇ ನಂಬಬಾರದು.

ಇನ್ನು ಬೆಟ್ಟ ತಾನೇ ಕೂಗಿ ಹೇಳುವ ಲಕ್ಷಣಗಳಿವೆ. ಪಕ್ಕದ ಇಳಿಜಾರಿನಲ್ಲಿ ಆಗಲೇ ಕುಸಿದ ಗುರುತು. ಕಾಲಿಟ್ಟಾಗ "ಧುಪ್" ಅಂತ ಒಳಗಿನಿಂದ ದಪ್ಪ ಸದ್ದು ಬಂದು ಹಿಮ ಒಂದು ಚೂರು ಕೆಳಗೆ ಕೂರುವುದು. ಹೆಜ್ಜೆಯಿಂದ ಬಿರುಕು ಮುಂದಕ್ಕೆ ಓಡುವುದು. ಇವುಗಳಲ್ಲಿ ಒಂದು ಕಂಡರೂ ಚರ್ಚೆ ಬೇಡ, ಬಂದ ಹೆಜ್ಜೆಯಲ್ಲೇ ವಾಪಸ್.

ಕೆಂಗೇರಿ_ಅಮ್ಮ

ನಾನು ಚಾರಣ ಮಾಡುವವಳಲ್ಲ. ಮಗ ಗೆಳೆಯರ ಜೊತೆ ಡಿಸೆಂಬರ್ ಕೊನೆಗೆ ಕೇದಾರಕಂಠಕ್ಕೆ ಹೊರಟಿದ್ದಾನೆ. 2024ರ ಜೂನ್‌ನಲ್ಲಿ ಸಹಸ್ರತಾಲ್‌ನಲ್ಲಿ ಒಂಬತ್ತು ಜನ ಹೋದರಲ್ಲ, ಅವತ್ತಿನಿಂದ ನನಗೆ ಹಿಮಾಲಯ ಅಂದರೆ ಎದೆ ಧಸಕ್ ಅನ್ನುತ್ತದೆ. ಬೇಡ ಅಂದರೆ ಅವನು ಕೇಳಲ್ಲ, ಬೇಡ ಅನ್ನುವ ಮನಸ್ಸೂ ನನಗಿಲ್ಲ. ಕರೆದುಕೊಂಡು ಹೋಗುವವರನ್ನು ಏನು ಕೇಳಬೇಕು ಅಂತ ಯಾರಾದರೂ ಬರೆದುಕೊಡಿ. ಫೋನ್ ಮಾಡಿ ನಾನೇ ಕೇಳುತ್ತೇನೆ.

ಬನಶಂಕರಿ_ಚಾರಣ

ಅಮ್ಮಾ, ನಿಮ್ಮ ಆತಂಕ ನ್ಯಾಯವಾದದ್ದೇ. ಸಹಸ್ರತಾಲ್‌ನಲ್ಲಿ ಆಗಿದ್ದು ಹಿಮಕುಸಿತ ಅಲ್ಲ, ಗಾಳಿ, ಹಿಮ, ಚಳಿ ಒಟ್ಟಿಗೆ ಬಂದು ದಾರಿ ಕಾಣದೆ ಸಿಕ್ಕಿಕೊಂಡರು. ಆದರೂ ಕೇಳಬೇಕಾದ ಮೊದಲ ಪ್ರಶ್ನೆ ಎರಡಕ್ಕೂ ಒಂದೇ: ಹವಾಮಾನ ಕೆಟ್ಟರೆ ಕಾಯಲು ಕಾರ್ಯಕ್ರಮದಲ್ಲಿ ಖಾಲಿ ದಿನ ಇದೆಯಾ?

ಆಮೇಲೆ ಕೇಳಿ, ವಾಪಸ್ ತಿರುಗುವ ತೀರ್ಮಾನ ಯಾರದ್ದು? ಬೆಟ್ಟದ ಮೇಲಿರುವ ಲೀಡರ್‌ದ್ದಾ, ಆಫೀಸಿನಲ್ಲಿ ಕೂತವರದ್ದಾ? ಲೀಡರ್ ಬೇಡ ಅಂದರೆ ಯಾರೂ ಮೇಲೆ ಮಾತಾಡುವ ಹಾಗಿಲ್ಲ ಅನ್ನುವ ಉತ್ತರ ಬರಬೇಕು. ಲೀಡರ್ ಪರ್ವತಾರೋಹಣ ಕೋರ್ಸ್ ಮಾಡಿದ್ದಾರಾ? ದಿನಾ ಹವಾಮಾನ ವರದಿ ಮೇಲಿನ ಕ್ಯಾಂಪ್‌ಗೆ ಹೇಗೆ ತಲುಪುತ್ತದೆ? ಮೊಬೈಲ್ ಸಿಗ್ನಲ್ ಇರುವುದಿಲ್ಲ, ಹಾಗಾಗಿ ವಾಕಿಟಾಕಿ ಇದೆಯಾ ಅಂತ ಬಿಡಿಸಿ ಕೇಳಿ. "ಏನೂ ಆಗಲ್ಲ ಮೇಡಂ, ನಾವಿದ್ದೇವೆ" ಅನ್ನುವುದು ಉತ್ತರ ಅಲ್ಲ. ಹಾಗಂದರೆ ಇನ್ನೊಮ್ಮೆ ಕೇಳಿ.

ಮಗನಿಗೆ ಒಂದು ಮಾತು ನೀವೇ ಹೇಳಿ. "ತುದಿ ಮುಟ್ಟದೆ ಬಂದರೂ ಪರವಾಗಿಲ್ಲ ಕಣೋ" ಅಂತ. ಹುಡುಗರು ಮನೆಯವರ ಮುಂದೆ, ಗೆಳೆಯರ ಮುಂದೆ ಸೋತ ಹಾಗೆ ಆಗುತ್ತದೆ ಅಂತ ಹತ್ತಿಬಿಡುತ್ತಾರೆ. ಮನೆಯಿಂದ ಬಂದ ಆ ಒಂದು ಮಾತು ಅಲ್ಲಿ ತುಂಬಾ ಕೆಲಸ ಮಾಡುತ್ತದೆ.

ಹಳೇ_ಫೌಜಿ

ಎಲ್ಲರಿಗೂ ನಮಸ್ಕಾರ. ಸೇನೆಯಲ್ಲಿದ್ದಾಗ ಹಿಮದಲ್ಲಿ ಕೆಲಸ ಮಾಡಿದವನು ನಾನು. ಊರು ಧಾರವಾಡದ ಕಡೆ, ಈಗ ಬೆಂಗಳೂರು. ಹಿಮಕುಸಿತ ಅಂದಕೂಡಲೇ ನಮ್ಮ ಕಡೆ ಎಲ್ಲರೂ ನೆನೆಯುವುದು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹತ್ತು ಜನ ಹಿಮದಡಿ ಸಿಕ್ಕಿದರು. ಆರು ದಿನದ ಮೇಲೆ ಅವರೊಬ್ಬರು ಜೀವಂತ ಸಿಕ್ಕರು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಇಡೀ ದೇಶ ಅತ್ತಿತು.

ಅದನ್ನು ನೋಡಿ ಹಿಮದಡಿ ದಿನಗಟ್ಟಲೆ ಬದುಕಬಹುದು ಅಂತ ಯಾರೂ ತಿಳಿಯಬೇಡಿ. ಟೆಂಟ್ ಒಳಗಿದ್ದು ಗಾಳಿಗೆ ಜಾಗ ಉಳಿದಾಗ ಮಾತ್ರ ಅಂಥದ್ದು ಆಗಬಹುದು. ಬಯಲಲ್ಲಿ ನಡೆಯುವವನು ಹೂತುಹೋದರೆ ಲೆಕ್ಕ ನಿಮಿಷದ್ದು. ಮೊದಲ ಹತ್ತು ಹದಿನೈದು ನಿಮಿಷದಲ್ಲಿ ತೋಡಿ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಮೂವರಲ್ಲಿ ಒಬ್ಬ. ಚಳಿಗೆ ಸಾಯುವುದು ಆಮೇಲಿನ ಮಾತು, ಮೊದಲು ಕೊಲ್ಲುವುದು ಉಸಿರು. ಹೆಲಿಕಾಪ್ಟರ್ ಬರುತ್ತದೆ ಅಂತ ಕೂರುವಂತಿಲ್ಲ. ಪಕ್ಕದಲ್ಲಿ ನಡೆಯುತ್ತಿದ್ದವನೇ ತೆಗೆಯಬೇಕು.

ನಮಗೆ ಹೇಳಿಕೊಟ್ಟ ಶಿಸ್ತು ಸರಳ. ಅನುಮಾನದ ಇಳಿಜಾರು ಬಂದರೆ ಒಬ್ಬೊಬ್ಬರೇ ದಾಟಬೇಕು. ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ಅವನ ಮೇಲೇ ಕಣ್ಣಿಟ್ಟಿರಬೇಕು. ಕುಸಿದರೆ ಕೊನೆಗೆ ಎಲ್ಲಿ ಕಂಡ ಅನ್ನುವುದು ಗೊತ್ತಿರಬೇಕು, ಹುಡುಕುವುದು ಅಲ್ಲಿಂದ ಕೆಳಗೆ. ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿ, ಪೋಲಿನ ದಾರದಿಂದ ಕೈ ಹೊರಗೆ. ಬಿಸಿಲು ಏರುವ ಮೊದಲು ದಾಟಿ ಮುಗಿಸಬೇಕು. ಸಿಕ್ಕಿಕೊಂಡರೆ ಮೇಲೆ ಬರಲು ಒದ್ದಾಡಿ, ನಿಲ್ಲುವ ಹೊತ್ತಿಗೆ ಬಾಯಿಯ ಮುಂದೆ ಕೈ ತಂದು ಉಸಿರಿಗೆ ಜಾಗ ಮಾಡಿಕೊಳ್ಳಿ. ಹಿಮ ನಿಂತ ಕ್ಷಣಕ್ಕೆ ಗಟ್ಟಿಯಾಗುತ್ತದೆ, ಬೆರಳು ಆಡಿಸಲೂ ಆಗುವುದಿಲ್ಲ. ಹಿಂದೆಲ್ಲ ಸೊಂಟಕ್ಕೆ ಉದ್ದನೆ ಕೆಂಪು ದಾರ ಕಟ್ಟಿಕೊಂಡು ದಾಟುತ್ತಿದ್ದರು, ಹೂತುಹೋದರೂ ದಾರದ ತುದಿ ಮೇಲೆ ಕಾಣಲಿ ಅಂತ. ಈಗ ಯಂತ್ರ ಬಂದಿದೆ.

ಡಿಸೆಂಬರ್_ಬ್ಯಾಚ್

ಸರ್, ಓದಿ ಮೈ ಜುಮ್ ಅಂದಿತು. ಹೆಜ್ಜೆ ಗುರುತು ನೋಡಿ ಹೋಗುವ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಎಷ್ಟು ಓರೆ ಇದ್ದರೆ ಅಪಾಯ ಅಂತ ಕಣ್ಣಲ್ಲಿ ಗೊತ್ತಾಗುತ್ತದಾ? ಮತ್ತೆ ಆ ಯಂತ್ರ ನಾವೂ ಒಯ್ಯಬೇಕಾ?

ಬನಶಂಕರಿ_ಚಾರಣ

ಕಣ್ಣು ಮೋಸ ಮಾಡುತ್ತದೆ. ಮೊಬೈಲ್‌ನಲ್ಲಿ ಓರೆ ಅಳೆಯುವ ಆ್ಯಪ್ ಹಾಕಿಕೊಳ್ಳಿ, ಸಿಗ್ನಲ್ ಬೇಡ. ಪೋಲನ್ನು ಹಿಮದ ಮೇಲೆ ಇಳಿಜಾರಿನ ಉದ್ದಕ್ಕೆ ಮಲಗಿಸಿ, ಅದರ ಮೇಲೆ ಮೊಬೈಲ್ ಇಟ್ಟರೆ ಸಂಖ್ಯೆ ತೋರಿಸುತ್ತದೆ. 30ರಿಂದ 45 ಡಿಗ್ರಿ ನಡುವೆ ಸ್ಲ್ಯಾಬ್ ಜಾಸ್ತಿ ಜಾರುತ್ತದೆ. 25ಕ್ಕಿಂತ ಕಮ್ಮಿ ಇದ್ದರೆ ಅಲ್ಲೇ ಕುಸಿತ ಶುರುವಾಗುವುದು ಅಪರೂಪ. ಆದರೆ ನೀವು ಸಮತಟ್ಟು ಜಾಗದಲ್ಲಿ ನಿಂತಿದ್ದರೂ ತಲೆಯ ಮೇಲೆ 35 ಡಿಗ್ರಿಯ ಇಳಿಜಾರು ಇದ್ದರೆ ಅದು ನಿಮ್ಮ ತನಕ ಬರುತ್ತದೆ. ಟೆಂಟ್ ಹಾಕುವಾಗ ಕೆಳಗೆ ನೋಡುವುದಕ್ಕಿಂತ ಮೇಲೆ ನೋಡಿ. ಕಾಡಿನಲ್ಲಿ ನಡೆಯುವಾಗಲೂ, ದೊಡ್ಡ ಮರಗಳ ನಡುವೆ ಉದ್ದಕ್ಕೆ ಬೋಳು ಪಟ್ಟೆ ಇದ್ದರೆ, ಅದರ ಅಂಚಿನ ಮರಗಳಿಗೆ ಬೆಟ್ಟದ ಏರಿನ ಕಡೆಗಿರುವ ಕೊಂಬೆಗಳೇ ಮುರಿದುಹೋಗಿದ್ದರೆ, ಅದು ಹಿಮ ಇಳಿಯುವ ದಾರಿ. ಊಟಕ್ಕೆ, ಫೋಟೋಗೆ ಅಲ್ಲಿ ನಿಲ್ಲಬೇಡಿ.

ಯಂತ್ರದ ವಿಷಯ. ಟ್ರಾನ್ಸ್‌ಸೀವರ್ (ರೇಡಿಯೋ ಸಂಕೇತ ಕಳಿಸುವ, ಹೂತವರ ಸಂಕೇತ ಹಿಡಿಯುವ ಯಂತ್ರ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದನೆ ಕಡ್ಡಿ), ಸಲಿಕೆ ಮೂರೂ ಸೇರಿದರೆ ಒಂದು ಸೆಟ್. ಒಂದು ಇಲ್ಲದಿದ್ದರೂ ಉಳಿದೆರಡು ದಂಡ. ಗುಂಪಿನಲ್ಲಿ ಒಬ್ಬನ ಹತ್ತಿರ ಇದ್ದರೆ ಉಪಯೋಗ ಇಲ್ಲ, ಪ್ರತಿಯೊಬ್ಬರ ಮೈಮೇಲೂ ಇರಬೇಕು. ಎಲ್ಲ ಕಂಪನಿಯವೂ 457 ಕಿಲೋಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತವೆ, ಹಾಗಾಗಿ ಬೇರೆ ಬೇರೆ ಬ್ರ್ಯಾಂಡ್ ಇದ್ದರೂ ಒಂದನ್ನೊಂದು ಹುಡುಕುತ್ತವೆ. ಮೊಬೈಲ್ ಅದರ ಪಕ್ಕದಲ್ಲಿ ಇಡಬೇಡಿ. ಮಾಮೂಲಾಗಿ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರ ಇರಲಿ. ಪ್ರೋಬ್ ತಾಗಿದರೆ ಅದನ್ನು ಕೀಳಬೇಡಿ, ಹಾಗೇ ಬಿಟ್ಟು ಅದರ ಕೆಳಗಿನ ಇಳಿಜಾರಿನ ಕಡೆಯಿಂದ ಒಳಕ್ಕೆ ತೋಡಿಕೊಂಡು ಹೋಗಿ. ಮೇಲಿನಿಂದ ತೋಡಿದರೆ ಹೂತವರ ಮೇಲೇ ನಿಂತ ಹಾಗಾಗುತ್ತದೆ.

ಮಾಮೂಲಿ ದಾರಿಯ ಕೇದಾರಕಂಠಕ್ಕೆ ಎಲ್ಲರೂ ಕೊಳ್ಳಲೇಬೇಕು ಅನ್ನಲ್ಲ, ಬೆಲೆ ಜಾಸ್ತಿ. ಗುಲ್ಮಾರ್ಗ್‌ನಲ್ಲಿ ಗೊಂಡೊಲಾದ ಎರಡನೇ ಹಂತದಿಂದ ಅಫರ್‌ವತ್ ಇಳಿಜಾರಿಗೆ, ಗಸ್ತಿನವರು ನೋಡಿಕೊಳ್ಳುವ ಜಾಗ ಬಿಟ್ಟು ಹೊರಗೆ ಸ್ಕೀ ಮಾಡುವವರು ಇದಿಲ್ಲದೆ ಕಾಲಿಡಬೇಡಿ. 2023ರ ಫೆಬ್ರವರಿ 1ರಂದು ಅಲ್ಲಿ ಪೋಲೆಂಡ್‌ನ ಇಬ್ಬರು ಹೋದರು.

ವಿಜಯನಗರ_ನಡಿಗೆ

ಮುನ್ಸೂಚನೆ ಎಲ್ಲಿ ನೋಡಬೇಕು?

ಹಳೇ_ಫೌಜಿ

ಹವಾಮಾನಕ್ಕೆ ಭಾರತೀಯ ಹವಾಮಾನ ಇಲಾಖೆ. ಅದರಲ್ಲಿ "ವೆಸ್ಟರ್ನ್ ಡಿಸ್ಟರ್ಬೆನ್ಸ್" ಬರುತ್ತಿದೆ ಅಂತ ಕಂಡರೆ ಕಿವಿ ನೆಟ್ಟಗಾಗಲಿ, ಚಳಿಗಾಲದಲ್ಲಿ ಪಶ್ಚಿಮ ಹಿಮಾಲಯಕ್ಕೆ ದೊಡ್ಡ ಹಿಮ ತರುವುದು ಅದೇ. ಹಿಮಕುಸಿತಕ್ಕೆ ಚಂಡೀಗಢದ ಡಿಜಿಆರ್‌ಇ, ರಕ್ಷಣಾ ಸಂಶೋಧನೆಯ ಡಿಆರ್‌ಡಿಒ ಅಡಿಯ ಸಂಸ್ಥೆ. ಹಿಂದೆ ಮನಾಲಿಯಲ್ಲಿ ಸಾಸೆ ಅಂತ ಹಿಮಕುಸಿತ ಅಧ್ಯಯನದ ಸಂಸ್ಥೆ ಇತ್ತು, ಅದೇ ಈಗ ಇದರಲ್ಲಿ ಸೇರಿದೆ. ಇಂಥ ಜಿಲ್ಲೆಯಲ್ಲಿ, ಇಷ್ಟು ಮೀಟರ್‌ಗಿಂತ ಮೇಲೆ, ಮುಂದಿನ 24 ಗಂಟೆ ಇಂಥ ಮಟ್ಟದ ಅಪಾಯ ಅಂತ ಹೇಳುತ್ತಾರೆ. ರಾಜ್ಯದ ವಿಪತ್ತು ನಿರ್ವಹಣೆಯವರು ಅದನ್ನೇ ಹಂಚುತ್ತಾರೆ. "ಮಧ್ಯಮ" ಅಂತ ಇದ್ದರೆ ಹಗುರಾಗಿ ತೆಗೆದುಕೊಳ್ಳಬೇಡಿ. ಜಿಲ್ಲೆಗೆ ಸೇರಿಸಿ ಹೇಳಿದ್ದು ಅದು, ನಿಮ್ಮ ಮುಂದಿನ ಇಳಿಜಾರು ಅದಕ್ಕಿಂತ ಕೆಟ್ಟದಾಗಿರಬಹುದು.

2025ರ ಫೆಬ್ರವರಿ 28ರ ಬೆಳಗ್ಗೆ ಬದರಿನಾಥದ ಹತ್ತಿರದ ಮಾಣಾದಲ್ಲಿ ರಸ್ತೆ ಕೆಲಸದ 54 ಜನ ಸಿಕ್ಕಿಕೊಂಡರಲ್ಲ, ಹಿಂದಿನ ಸಂಜೆಯೇ ಚಮೋಲಿ ಜಿಲ್ಲೆಗೆ ಎಚ್ಚರಿಕೆ ಹೋಗಿತ್ತು. ಎಂಟು ಜನ ತೀರಿಕೊಂಡರು, 46 ಜನ ಉಳಿದರು. ಕಬ್ಬಿಣದ ಕಂಟೇನರ್ ಒಳಗಿದ್ದದ್ದು ಬಹಳ ಜನರನ್ನು ಕಾಪಾಡಿತು. ಬಟ್ಟೆಯ ಟೆಂಟ್ ಆಗಿದ್ದರೆ ಊಹಿಸುವುದೂ ಕಷ್ಟ.

ಚಾರಣದವರಿಗೆ ಮಾತ್ರ ಅಂತಲೂ ಅಲ್ಲ. 2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥುಲಾ ರಸ್ತೆಯಲ್ಲಿ ಏಳು ಪ್ರವಾಸಿಗರು ಹೋದರು. ಕಾರಿನಲ್ಲಿ ಬಂದವರು, ಹಿಮದಲ್ಲಿ ಆಡಲು ಇಳಿದವರು. ಪರವಾನಗಿ ಇದ್ದದ್ದು 13ನೇ ಮೈಲಿಯ ತನಕ, ಕುಸಿತ ಆದದ್ದು 15ನೇ ಮೈಲಿಯಲ್ಲಿ.

ಕೆಂಗೇರಿ_ಅಮ್ಮ

ಫೋನ್ ಮಾಡಿ ಕೇಳಿದೆ. ಮೊದಲು "ಏನೂ ಆಗಲ್ಲ ಮೇಡಂ" ಅಂದರು. ಇನ್ನೊಮ್ಮೆ ಕೇಳಿದೆ. ಆಮೇಲೆ ಒಬ್ಬರು ಲೀಡರ್ ಕೈಗೆ ಫೋನ್ ಕೊಟ್ಟರು. ಆ ಹುಡುಗ ಸರಿಯಾಗಿ ಮಾತಾಡಿದ. ವಾಕಿಟಾಕಿ ಇದೆ, ವಾಪಸ್ ತಿರುಗುವ ತೀರ್ಮಾನ ನನ್ನದೇ, ಆದರೆ ಖಾಲಿ ದಿನ ಪ್ಯಾಕೇಜಿನಲ್ಲಿ ಇಲ್ಲ, ನೀವೇ ವಾಪಸ್ ಟಿಕೆಟ್ ಒಂದು ದಿನ ಮುಂದೆ ಹಾಕಿದರೆ ಸಾಂಕ್ರಿಯಲ್ಲಿ ಉಳಿಸಿಕೊಳ್ಳುತ್ತೇವೆ ಅಂದ. ಮಗ ಮೊದಲು ಗೊಣಗಿದ. ಈಗ ಟಿಕೆಟ್ ಬದಲಾಯಿಸಿದ್ದಾನೆ. ಗೆಳೆಯರಲ್ಲಿ ಇಬ್ಬರು ಬದಲಾಯಿಸಿದರು, ಒಬ್ಬನಿಗೆ ರಜೆ ಸಿಗಲಿಲ್ಲ. ಅವನು ಏನು ಮಾಡಬೇಕು?

ಬನಶಂಕರಿ_ಚಾರಣ

ತುಂಬಾ ಒಳ್ಳೆಯ ಕೆಲಸ ಮಾಡಿದಿರಿ ಅಮ್ಮಾ. ರಜೆ ಸಿಗದವನು ಹಿಮ ಸುರಿದರೆ ಕೆಳಗಿನ ಕ್ಯಾಂಪ್‌ನಿಂದಲೇ ಸಾಂಕ್ರಿಗೆ ಇಳಿಯಲಿ. ಉಳಿದ ಮೂವರು ಅವನಿಗೋಸ್ಕರ ಒಂದು ದಿನ ಮೊದಲೇ ಹತ್ತುವ ಮನಸ್ಸು ಮಾಡಬಾರದು. ಇದನ್ನು ನಾಲ್ವರೂ ಒಟ್ಟಿಗೆ ಕೂತು ಈಗಲೇ ಮಾತಾಡಿಕೊಳ್ಳಲಿ, ಅಲ್ಲಿ ಚಳಿಯಲ್ಲಿ ನಿಂತು ಬೇಡ.

ಗುಲ್ಮಾರ್ಗ್‌ಗೆ ಹೊರಟವರಿಗೆ: ಈ ಭಾನುವಾರ ಬೆಳಗ್ಗೆ 7ಕ್ಕೆ ಕಬ್ಬನ್ ಪಾರ್ಕ್‌ನಲ್ಲಿ ಸೇರೋಣ. ನನ್ನ ಹತ್ತಿರ ಎರಡು ಟ್ರಾನ್ಸ್‌ಸೀವರ್ ಇವೆ. ಒಂದನ್ನು ಚೀಲದಲ್ಲಿ ಹಾಕಿ ತರಗೆಲೆ ಅಡಿ ಬಚ್ಚಿಡುತ್ತೇನೆ, ಇನ್ನೊಂದರಲ್ಲಿ ಹುಡುಕಬೇಕು. ಹೊಸಬರಿಗೆ ಯಂತ್ರದ ತೆರೆಯ ಮೇಲಿನ ಬಾಣದ ಗುರುತು ಯಾಕೆ ಬಳಸಿ ಬಳಸಿ ಕರೆದುಕೊಂಡು ಹೋಗುತ್ತದೆ ಅನ್ನುವುದು ಕೈಯಲ್ಲಿ ಹಿಡಿದರೇನೇ ಅರ್ಥವಾಗುವುದು. ಸ್ವಂತ ಯಂತ್ರ ಇರುವವರು ತನ್ನಿ. ಬ್ಯಾಟರಿ ಹೊಸದಾಗಿ ಹಾಕಿ, ಆಲ್ಕಲೈನ್ ಇರಲಿ. ರೀಚಾರ್ಜ್ ಮಾಡುವಂಥದ್ದು ಬೇಡ, ಚಾರ್ಜ್ ಎಷ್ಟು ಉಳಿದಿದೆ ಅಂತ ಯಂತ್ರ ಸರಿಯಾಗಿ ತೋರಿಸುವುದಿಲ್ಲ.

ಡಿಸೆಂಬರ್_ಬ್ಯಾಚ್

ನಾನು ಬರುತ್ತೇನೆ ಅಣ್ಣಾ. ಯಾವ ಗೇಟ್?

ಬನಶಂಕರಿ_ಚಾರಣ

ಹೈಕೋರ್ಟ್ ಕಡೆಯದ್ದು. ಕೇಂದ್ರ ಗ್ರಂಥಾಲಯದ ಮುಂದೆ ನಿಂತಿರುತ್ತೇನೆ.